ನಿಮಿಷಕ್ಕೆ ಮೂರು ಡಾಲರ್ ಮೂವತ್ತೊಂಬತ್ತು ಸೆಂಟು

ಧೈರ್ಯ ಬಂದು ನಾನು ಥೆರಪಿಗೆ ಹೋದವಳಲ್ಲ. ದುಡ್ಡು ಹಾಳಾಗುತ್ತದಲ್ಲ ಎಂದು ಹೋದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನಸ್ಸಿನ ಕಾಯಿಲೆಯ ಬಗ್ಗೆ ಬರೆಯುವವರೆಲ್ಲ ನನ್ನ ಕಣ್ಣಿಗೆ ಬಹಳ ಧೈರ್ಯವಂತರಾಗಿ ಕಾಣುತ್ತಾರೆ. ನನ್ನನ್ನು ಆ ಸಾಲಿನಲ್ಲಿ ಕೂರಿಸಬೇಡಿ.

ಕೆನಡಾದ ಮಿಸಿಸಾಗಾದಲ್ಲಿ ನಮ್ಮ ಮನೆ. ರೆಕ್ಸ್‌ಡೇಲ್‌ನ ಒಂದು ಲಾರಿ ಸಾಗಣೆ ಕಂಪನಿಯಲ್ಲಿ ನಾನು ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಊರು ತಿಪಟೂರು. ಅಪ್ಪ ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮಂಡಿಯ ಲೆಕ್ಕ ಮುಗಿಸಿ ಬಂದು, ಊಟವಾದ ಮೇಲೆ ಮನೆಯ ಕಿರ್ದಿ ಬರೆಯುತ್ತಿದ್ದರು. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ನನ್ನ ಶಾಲೆಯ ಫೀಸಿನ ತನಕ ಎಲ್ಲವೂ ಅದರಲ್ಲಿ ಇರುತ್ತಿತ್ತು. ಲೆಕ್ಕ ಬರೆಯದೆ ಮಲಗಬೇಡ ಎನ್ನುತ್ತಿದ್ದರು. ಹಲ್ಲುಜ್ಜದೆ ಮಲಗಬೇಡ ಎಂದು ಬೇರೆ ಮಕ್ಕಳಿಗೆ ಹೇಳಿದ ಹಾಗೆ.

2023ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ 401ನೇ ಹೆದ್ದಾರಿಯಿಂದ 427ಕ್ಕೆ ತಿರುಗುವಾಗ ನನಗೆ ಕಾರು ಓಡಿಸುವುದು ಮರೆತುಹೋಯಿತು. ಮರೆತುಹೋಯಿತು ಎಂಬುದೇ ಸರಿಯಾದ ಮಾತು. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಮಳೆಯಿಲ್ಲದ ಗಾಜಿನ ಮೇಲೆ ಅದು ಕಿರ್ ಕಿರ್ ಎಂದು ಓಡಾಡತೊಡಗಿತು. ನಿಲ್ಲಿಸುವ ಕಡ್ಡಿ ಯಾವುದೆಂದು ತಿಳಿಯಲಿಲ್ಲ. ಕೈಬೆರಳುಗಳು ಸ್ಟೀರಿಂಗಿಗೆ ಅಂಟಿಕೊಂಡು ಬೆಳ್ಳಗಾಗಿದ್ದವು. ಹಿಂದೆ ಬರುತ್ತಿದ್ದ ಲಾರಿ ಉದ್ದಕ್ಕೂ ಹಾರ್ನ್ ಬಾರಿಸುತ್ತ ಪಕ್ಕದಲ್ಲಿ ಹಾದುಹೋಯಿತು. ನಮ್ಮದೇ ಕಂಪನಿಯ ಲಾರಿಯೇನೋ ಎಂದು ಆ ಸ್ಥಿತಿಯಲ್ಲೂ ನಂಬರ್ ನೋಡಿದೆ. ಹೇಗೋ ಬದಿಗೆ ಎಳೆದು ನಿಲ್ಲಿಸಿ, ಇದು ಹೃದಯಾಘಾತ, ನನ್ನ ಕಥೆ ಮುಗಿಯಿತು ಎಂದುಕೊಂಡು ಕುಳಿತೆ. ಕಾಲು ಗಂಟೆಯ ಹೊತ್ತಿಗೆ ಎಲ್ಲ ಇಳಿಯಿತು. ಕಚೇರಿಗೆ ಹೋಗಿ ಎರಡು ವಾರದ ಸಂಬಳದ ಪಟ್ಟಿಯನ್ನೂ ಮುಗಿಸಿದೆ.

ಮರುದಿನದಿಂದ ಹೆದ್ದಾರಿ ಬಿಟ್ಟು ಎಗ್ಲಿಂಟನ್ ರಸ್ತೆ ಹಿಡಿದೆ. ಅರ್ಧ ಗಂಟೆಯ ದಾರಿ ಒಂದು ಗಂಟೆಗೆ ಹತ್ತಿರವಾಯಿತು. ಪ್ರತಿ ಸಿಗ್ನಲ್ಲಿನ ಕೆಂಪು ದೀಪವೂ ನನಗೆ ದೇವರ ದೀಪದಂತೆ ಕಾಣುತ್ತಿತ್ತು. ಸದ್ಯ, ನಿಲ್ಲಬಹುದು. ರಸ್ತೆ ರಿಪೇರಿ ನಡೆಯುತ್ತಿದೆ ಎಂದು ನಮ್ಮವರಿಗೆ ಸುಳ್ಳು ಹೇಳಿದೆ. ಟೊರೊಂಟೊ ಸುತ್ತಮುತ್ತ ಈ ಸುಳ್ಳನ್ನು ಯಾರೂ ಪರೀಕ್ಷಿಸುವುದಿಲ್ಲ.

ಕುಟುಂಬ ವೈದ್ಯರು ಇಸಿಜಿ ತೆಗೆಸಿದರು, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಒಂದು ಸೆಂಟೂ ಖರ್ಚಾಗಲಿಲ್ಲ. ಪ್ರಾಂತ್ಯದ ಆರೋಗ್ಯ ಕಾರ್ಡನ್ನು ತೋರಿಸಿದರೆ ಸಾಕು. ಎಲ್ಲವೂ ಸರಿಯಿದೆ ಎಂದು ವರದಿ ಬಂದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಪ್ಯಾನಿಕ್, ಎಂದರೆ ಇದ್ದಕ್ಕಿದ್ದಂತೆ ಏರಿಬರುವ ಭಯ, ಯಾರೊಂದಿಗಾದರೂ ಕುಳಿತು ಮಾತನಾಡುವುದು ಒಳ್ಳೆಯದು, ಮನೋವೈದ್ಯರಿಗೆ ಚೀಟಿ ಬರೆಯಬಲ್ಲೆ, ಅದಕ್ಕೆ ದುಡ್ಡಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂದರು. ಆಮೇಲೆ ಕೇಳಿದರು: "ನಿಮಗೆ ಕೆಲಸದ ಕಡೆಯಿಂದ ಇನ್ಶೂರೆನ್ಸ್ ಇದೆಯೇ?"

ಕೆನಡಾದಲ್ಲಿ ವೈದ್ಯಕೀಯ ಪುಕ್ಕಟೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಸೋದರತ್ತೆಗೆ ಅದೊಂದೇ ಗೊತ್ತು. ಹೃದಯ, ಮೂತ್ರಪಿಂಡ, ಹೆರಿಗೆಗಳ ಮಟ್ಟಿಗೆ ಅದು ನಿಜವೂ ಹೌದು. 1947ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಟಾಮಿ ಡಗ್ಲಸ್ ಸರ್ಕಾರ ಆಸ್ಪತ್ರೆ ಖರ್ಚನ್ನು ತನ್ನ ಮೇಲೆ ಹಾಕಿಕೊಂಡಿತು. ಅದೇ ಪ್ರಾಂತ್ಯದಲ್ಲಿ 1962ರಲ್ಲಿ ವೈದ್ಯರ ಫೀಸೂ ಸೇರಿತು, ವೈದ್ಯರು ಮುಷ್ಕರ ಹೂಡಿದರೂ ಸೇರಿತು. ಇಡೀ ದೇಶದ ಲೆಕ್ಕಕ್ಕೆ ಬಂದರೆ, 1957ರಲ್ಲಿ ಆಸ್ಪತ್ರೆ ವಿಮೆಯ ಕಾಯ್ದೆ ಆಯಿತು. ಆಗಲೇ ಮಾನಸಿಕ ಆಸ್ಪತ್ರೆಗಳನ್ನೂ ಕ್ಷಯರೋಗದ ಸ್ಯಾನಟೋರಿಯಂಗಳನ್ನೂ ಹೊರಗಿಟ್ಟರು. 1984ರ ಕೆನಡಾ ಆರೋಗ್ಯ ಕಾಯ್ದೆ ಬಂದಾಗಲೂ 'ಆಸ್ಪತ್ರೆ' ಎಂಬುದರ ವ್ಯಾಖ್ಯೆಯಲ್ಲಿ ಮುಖ್ಯವಾಗಿ ಮಾನಸಿಕ ರೋಗಿಗಳಿಗೆಂದೇ ಇರುವ ಸಂಸ್ಥೆಗಳಿಗೆ ಜಾಗ ಸಿಗಲಿಲ್ಲ. ಕಾಯ್ದೆ ಭರವಸೆ ಕೊಡುವುದು ಆಸ್ಪತ್ರೆಗೆ ಮತ್ತು ವೈದ್ಯರಿಗೆ. ಮನೋವೈದ್ಯರು ವೈದ್ಯರೇ ಆದ್ದರಿಂದ ಅವರು ಒಳಗೆ. ಆಸ್ಪತ್ರೆಯ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತ ಮನಶ್ಶಾಸ್ತ್ರಜ್ಞರು, ಆಪ್ತಸಲಹೆ ಕೊಡುವ ಸಮಾಜ ಕಾರ್ಯಕರ್ತರು, ಮಾತಿನ ಚಿಕಿತ್ಸೆ ಕೊಡುವ ಸೈಕೋಥೆರಪಿಸ್ಟರು ಹೊರಗೆ. ಹಲ್ಲೂ ಹೊರಗೆ, ಕನ್ನಡಕವೂ ಹೊರಗೆ.

ಹೊರಗುಳಿದ ಇವನ್ನೆಲ್ಲ ಸೇರಿಸಿಕೊಂಡದ್ದೇ 'ಎಕ್ಸ್‌ಟೆಂಡೆಡ್ ಹೆಲ್ತ್' ಎಂಬ ವಿಮೆ. ವಿಸ್ತರಿಸಿದ ಆರೋಗ್ಯ ಎಂದರೆ ಗಂಭೀರವಾಗಿ ಕೇಳಿಸುತ್ತದೆ. ನನಗದು ಹೆಂಚಿನ ಮನೆಗೆ ಆಮೇಲೆ ಇಳಿಸಿದ ತಗಡಿನ ಮಾಡಿನಂತೆ. ಮನೆ ಕಟ್ಟಿದ್ದು ಸರ್ಕಾರ, ಮಾಡು ಇಳಿಸಿದ್ದು ಕೆಲಸ ಕೊಟ್ಟ ಕಂಪನಿ. ಸೌದೆ, ಸೈಕಲ್ಲು, ಒರಳುಕಲ್ಲು, ಮನಸ್ಸು ಎಲ್ಲವೂ ಅದರ ಕೆಳಗೆ. ಕಂಪನಿ ಬಿಟ್ಟರೆ ಮಾಡೂ ಹೋಯಿತು. ಏಜೆನ್ಸಿಯ ಮೂಲಕ ನಮ್ಮ ಗೋದಾಮಿಗೆ ಬಂದು ಪೆಟ್ಟಿಗೆ ಹೊರುವ ಹುಡುಗರಿಗೆ ಈ ತಗಡೂ ಇಲ್ಲ. ಅವರ ಗಂಟೆಗಳು ನನ್ನ ಪರದೆಯ ಮೇಲೆ ಬೇರೆಯೇ ಪಟ್ಟಿಯಲ್ಲಿ ಬರುತ್ತವೆ. ಅದರಲ್ಲಿ ವಿಮೆಯ ಕಾಲಮ್ಮೇ ಇರುವುದಿಲ್ಲ.

ಕಾಯಂ ನೌಕರರ ಸಂಬಳದಿಂದ ವಿಮೆಯ ಕಂತು ಹಿಡಿಯುವ ಕೈ ನನ್ನದೇ. ಒಂಬತ್ತು ವರ್ಷ, ವರ್ಷಕ್ಕೆ ಇಪ್ಪತ್ತಾರು ಸಲ, ನನ್ನದೂ ಸೇರಿ ಹಿಡಿದಿದ್ದೇನೆ. ಆದರೂ ಯೋಜನೆಯ ಪುಸ್ತಿಕೆಯನ್ನು ಹಲ್ಲು ಮತ್ತು ಕನ್ನಡಕದ ಪುಟಗಳ ಆಚೆಗೆ ತಿರುವಿ ನೋಡಿರಲಿಲ್ಲ. ನವೆಂಬರಿನ ಮೊದಲ ವಾರ ಮಾನವ ಸಂಪನ್ಮೂಲ ವಿಭಾಗದಿಂದ ಪ್ರತಿವರ್ಷದ ಮಿಂಚಂಚೆ ಬಂತು: ಈ ವರ್ಷದ ಸೌಲಭ್ಯಗಳು ಡಿಸೆಂಬರ್ 31ಕ್ಕೆ ಮುಗಿಯುತ್ತವೆ, ಉಳಿದದ್ದು ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಈ ದೇಶದಲ್ಲಿ ಡಿಸೆಂಬರ್ ಬಂತೆಂದರೆ ಕಚೇರಿಗೆ ಕಚೇರಿಯೇ ಹೊಸ ಕನ್ನಡಕ ಹಾಕಿಕೊಂಡು, ಬೆನ್ನು ಮಸಾಜು ಮಾಡಿಸಿಕೊಂಡು ಬರುತ್ತದೆ. ಕಾರಣ ಇದೇ. ಆ ದಿನ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಪುಸ್ತಿಕೆ ತೆರೆದೆ. ಹದಿನೆಂಟನೇ ಪುಟದಲ್ಲಿತ್ತು: ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ನೋಂದಾಯಿತ ಸೈಕೋಥೆರಪಿಸ್ಟ್, ಮೂರೂ ಸೇರಿ ವರ್ಷಕ್ಕೆ 1,000 ಡಾಲರ್, ಪ್ರತಿ ಬಿಲ್ಲಿನ ಶೇಕಡ 80.

ನನಗೆ ಮೊದಲು ಹೊಳೆದದ್ದು ನನ್ನ ಪ್ಯಾನಿಕ್ ಅಲ್ಲ. ಒಂಬತ್ತು ವರ್ಷ, ಒಂಬತ್ತು ಸಾವಿರ ಡಾಲರ್, ಮುಟ್ಟದೆ ಬಿಟ್ಟಿದ್ದೇನೆ! ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎನ್ನುವ ಜಾತಿ ನಮ್ಮದು. ಪುಕ್ಕಟೆಯೂ ಅಲ್ಲ, ಕಂತು ಕಟ್ಟಿದ್ದೇನೆ. ಕಟ್ಟಿಯೂ ಬಿಟ್ಟಿದ್ದೇನೆ. ನಾಚಿಕೆ, ಅಂಜಿಕೆ, ಜನ ಏನೆನ್ನುತ್ತಾರೋ ಎಂಬುದೆಲ್ಲ ಆ ಲೆಕ್ಕದ ಮುಂದೆ ಅರ್ಧ ಗಂಟೆಯೂ ನಿಲ್ಲಲಿಲ್ಲ. ಹಣ ಎಂದರೆ ಹೆಣವೂ ಬಾಯಿ ಬಿಡುತ್ತದಂತೆ. ನಾನು ಬಿಡುವುದೇನು ಹೆಚ್ಚು.

ಹುಡುಕಲು ಹೊರಟರೆ ಅದೊಂದು ಸಂತೆ. ಕೋಚ್ ಎನ್ನುವವರಿದ್ದಾರೆ, ಹೀಲರ್ ಎನ್ನುವವರಿದ್ದಾರೆ, ಬರೇ ಕೌನ್ಸಿಲರ್ ಎನ್ನುವವರಿದ್ದಾರೆ. ವಿಮೆ ಕೇಳುವುದು ನೋಂದಣಿ ಸಂಖ್ಯೆಯೊಂದನ್ನೇ. ಒಂಟಾರಿಯೊದಲ್ಲಿ ಸೈಕೋಥೆರಪಿಸ್ಟರ ನಿಯಂತ್ರಣ ಸಂಸ್ಥೆ ಕೆಲಸ ಶುರುಮಾಡಿದ್ದು 2015ರಲ್ಲಿ. ಅದಕ್ಕೆ ಮುಂಚೆ ಯಾರು ಬೇಕಾದರೂ ಆ ಬೋರ್ಡು ಹಾಕಿಕೊಳ್ಳಬಹುದಿತ್ತು. ಈಗ ಅವರ ಜಾಲತಾಣದಲ್ಲಿ ಹೆಸರು ಹಾಕಿದರೆ ಸಂಖ್ಯೆ ಸಿಗುತ್ತದೆ. ಮನಶ್ಶಾಸ್ತ್ರಜ್ಞರ ಫೀಸು ಗಂಟೆಗೆ 200 ಡಾಲರ್ ದಾಟುತ್ತದೆ. ನಾನು ಹಿಡಿದದ್ದು 150 ಡಾಲರಿನ ಒಬ್ಬ ಸೈಕೋಥೆರಪಿಸ್ಟರನ್ನು. ಡಂಡಾಸ್ ರಸ್ತೆಯ ಒಂದು ಪ್ಲಾಜಾದಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿ. ಹೆದ್ದಾರಿ ಹತ್ತದೆ ತಲುಪಬಹುದಾದ ಜಾಗ ಎಂಬುದೂ ಒಂದು ಕಾರಣ. 150ರ ಮೇಲೆ ಆಗ ಶೇಕಡ 13ರ ತೆರಿಗೆ ಇತ್ತು. ಮನಶ್ಶಾಸ್ತ್ರಜ್ಞರಿಗೆ ತೆರಿಗೆಯಿಲ್ಲ, ಸೈಕೋಥೆರಪಿಸ್ಟರಿಗೆ ಇತ್ತು! ಒಟ್ಟು 169 ಡಾಲರ್ 50 ಸೆಂಟು. ಒಂದು ಭೇಟಿ ಎಂದರೆ ಐವತ್ತು ನಿಮಿಷ. ಕಾರು ನಿಲ್ಲಿಸಿ ಮೆಟ್ಟಿಲು ಹತ್ತುವುದರೊಳಗೆ ಭಾಗಿಸಿ ಮುಗಿಸಿದ್ದೆ: ನಿಮಿಷಕ್ಕೆ 3 ಡಾಲರ್ 39 ಸೆಂಟು.

ಕೋಣೆಯಲ್ಲಿ ಎರಡು ಕುರ್ಚಿ, ಒಂದು ಗಿಡ, ಕಾಗದದ ಕರವಸ್ತ್ರದ ಡಬ್ಬಿ. ಗಡಿಯಾರ ಬಂದವರಿಗೆ ಕಾಣಬಾರದೆಂದು ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಇಟ್ಟಿದ್ದರು. ಆದರೆ ಎದುರು ಗೋಡೆಯ ಚಿತ್ರಪಟದ ಗಾಜಿನಲ್ಲಿ ಅದರ ಪ್ರತಿಬಿಂಬ ಬೀಳುತ್ತಿತ್ತು. ಮುಳ್ಳುಗಳು ಹಿಂದುಮುಂದಾಗಿ ಓಡುತ್ತಿದ್ದವು. ಉಲ್ಟಾ ಗಡಿಯಾರ ಓದಲು ನಾನು ಎರಡೇ ನಿಮಿಷದಲ್ಲಿ ಕಲಿತೆ. ಥೆರಪಿಸ್ಟ್ ನನಗಿಂತ ಹಿರಿಯ ಹೆಂಗಸು, ಗಯಾನಾ ಮೂಲದವರು, ಬಹಳ ನಿಧಾನವಾಗಿ ಮಾತನಾಡುವವರು. ಆ ನಿಧಾನವೂ ಮೊದಲ ದಿನ ನನಗೆ ದುಬಾರಿಯೆನಿಸಿತು. "ಹೇಳಿ, ಏನು ನಿಮ್ಮನ್ನು ಇಲ್ಲಿಗೆ ಕರೆತಂದಿತು?" ಎಂದರು. ಮಿಂಚಂಚೆ ಎನ್ನಬೇಕೆಂದಿದ್ದೆ. ಬಾಯಿ ತೆರೆದರೆ ಅಳು ಬಂತು. ಬಿಕ್ಕಿ ಬಿಕ್ಕಿ, ಮೂಗು ಸೋರಿ, ಮೈಮೇಲೆ ಎಚ್ಚರವಿಲ್ಲದ ಅಳು. ತಲೆಯೆತ್ತಿ ಗಾಜಿನೊಳಗಿನ ಉಲ್ಟಾ ಗಡಿಯಾರ ನೋಡಿದಾಗ ಹನ್ನೊಂದು ನಿಮಿಷ ಕಳೆದಿತ್ತು. 37 ಡಾಲರ್ 29 ಸೆಂಟು! "ಕ್ಷಮಿಸಿ, ಸಮಯ ಹಾಳು ಮಾಡಿದೆ" ಎಂದೆ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸಮಯ ಹಾಳಾಯಿತು ಎಂದು ಲೆಕ್ಕ ಹಾಕಿದ್ದು ಯಾರು?" ಎಂದು ಕೇಳಿದರು. ಇಂಥ ಪ್ರಶ್ನೆಗಳಿಗೆ ನಾನು ದುಡ್ಡು ಕೊಡುತ್ತಿದ್ದೇನಲ್ಲ ಎಂದು ಸಿಟ್ಟು ಬಂತು.

ಭಾಷೆಗೂ ಸಾಕಷ್ಟು ಖರ್ಚಾಯಿತು. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷು ಮಾತನಾಡುವವಳಿಗೆ, "ಜೀವ ಹಾರಿಹೋದ ಹಾಗಾಯಿತು" ಎಂಬ ಒಂದು ಮಾತನ್ನು ದಾಟಿಸಲು ನಾಲ್ಕು ನಿಮಿಷ ಹಿಡಿಯಿತು. ಮೂರನೇ ಸಲದಿಂದ ಕನ್ನಡದಲ್ಲಿ ಏನು ಬಂತೋ ಅದನ್ನು ಮೊದಲು ಹೇಳಿ, ಆಮೇಲೆ ಅರ್ಥ ಹೇಳಿ ಎಂದು ಅವರೇ ಹೇಳಿದರು. ಹಾಗೆ ಮಾಡಿದ ಮೇಲೆ ಅರ್ಥ ಹೇಳುವ ಅಗತ್ಯವೇ ಎಷ್ಟೋ ಸಲ ಬೀಳಲಿಲ್ಲ.

ಮನೆಯಲ್ಲಿ ಹೇಳಲೇಬೇಕಾಯಿತು, ಏಕೆಂದರೆ ಕ್ರೆಡಿಟ್ ಕಾರ್ಡಿನ ಪಟ್ಟಿಯನ್ನು ನಮ್ಮವರೂ ನೋಡುತ್ತಾರೆ. ಅವರಿಗೆ ಬೇಸರವಾದದ್ದು ನಾನು ಹೋದದ್ದಕ್ಕಲ್ಲ, ರಸ್ತೆ ರಿಪೇರಿಯ ಸುಳ್ಳಿಗೆ. ಆಮೇಲೆ ಅವರ ತಲೆ ಬೇರೆ ಕಡೆ ಓಡಿತು: "ಟರ್ಮ್ ಪಾಲಿಸಿ ಮಾಡಿಸಿದ ಮೇಲೆ ಹೋಗಬಹುದಿತ್ತಲ್ಲ?" ಈ ಮಾತಿನಲ್ಲಿ ಹುರುಳಿದೆ. ಸ್ವಂತವಾಗಿ ಜೀವವಿಮೆಗೆ ಅರ್ಜಿ ಹಾಕಿದರೆ, ಖಿನ್ನತೆಗೆ ಆತಂಕಕ್ಕೆ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ಅದರಲ್ಲಿ ಇರುತ್ತದೆ. ಸುಳ್ಳು ಬರೆದರೆ ಮುಂದೆ ಪಾಲಿಸಿಯೇ ನಿಲ್ಲುವುದಿಲ್ಲ. ಕಂಪನಿಯ ಗುಂಪು ವಿಮೆಯ ಕಥೆ ಬೇರೆ. ನಾನು ಕಳಿಸುವ ರಸೀದಿಯಲ್ಲಿ ದಿನಾಂಕ, ಅವಧಿ, ಥೆರಪಿಸ್ಟರ ನೋಂದಣಿ ಸಂಖ್ಯೆ, ಮೊತ್ತ ಇಷ್ಟೇ. ಕಾಯಿಲೆಯ ಹೆಸರಿಲ್ಲ. ಅಮೆರಿಕದಲ್ಲಿ ವಿಮೆಯಿಂದ ಹಣ ಪಡೆಯಬೇಕಾದರೆ ರೋಗಕ್ಕೊಂದು ಸಂಕೇತ ಸಂಖ್ಯೆ ಬರೆಯಿಸಿಕೊಳ್ಳಬೇಕು. ಇಲ್ಲಿ ನಾನು ಬರೇ 'ಸೇವೆ ಪಡೆದವಳು'. ಕಂಪನಿಗೆ ಬರುವ ವರದಿಯಲ್ಲೂ ಯಾವ ಬಾಬತ್ತಿಗೆ ಒಟ್ಟು ಎಷ್ಟು ಎಂದಿರುತ್ತದೆಯೇ ಹೊರತು ಹೆಸರಿರುವುದಿಲ್ಲ. ಆ ವರದಿ ನನ್ನ ಮೇಜಿನ ಮೇಲೂ ಹಾದುಹೋಗುವುದರಿಂದ ಖಾತ್ರಿಯಾಗಿ ಹೇಳಬಲ್ಲೆ. ಒಟ್ಟು ಬಹಳ ಏರಿದರೆ ಮುಂದಿನ ವರ್ಷ ಕಂತೂ ಏರುತ್ತದೆ ಎಂಬುದೂ ಅದೇ ವರದಿಯಿಂದ ಗೊತ್ತು. ಮಾಡಿನ ಕೆಳಗೆ ಎಲ್ಲರೂ ಒಟ್ಟಿಗೆ ಬಂದು ನಿಂತರೆ ತಗಡಿನ ಬಾಡಿಗೆ ಹೆಚ್ಚು.

ಅಮ್ಮ ಇಷ್ಟು ದೂರ ಯೋಚಿಸಲಿಲ್ಲ. "ಮಾತನಾಡುವುದಕ್ಕೆ ದುಡ್ಡು ಕೊಡುತ್ತೀಯೇನೇ? ನಿಮಿಷಕ್ಕೆ ಇನ್ನೂರು ರೂಪಾಯಿಯೇ? ನನಗೆ ಫೋನ್ ಮಾಡಬಾರದಿತ್ತೇ" ಎಂದರು. ಅವರಿಗೆ ಫೋನಿನಲ್ಲಿ ಹೇಳಲಾಗದ ಮಾತೇ ಅದು ಎಂದು ಆಗ ನನಗೂ ಗೊತ್ತಿರಲಿಲ್ಲ. ಅಕ್ಕ ಮಾತ್ರ ಫೋನ್ ಇಸಿದುಕೊಂಡು ಒಳಕೋಣೆಗೆ ಹೋಗಿ, ಇಲ್ಲಿನ ವಿಮೆಯಲ್ಲೂ ಹಾಗೆ ಕೊಡುತ್ತಾರೇನೇ ಎಂದು ಪಿಸುದನಿಯಲ್ಲಿ ಕೇಳಿದಳು. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಕಾಯ್ದೆಯೇನೋ ಕೆನಡಾದ್ದಕ್ಕಿಂತ ದೊಡ್ಡ ಮನಸ್ಸಿನದು. ಆದರೆ ನಮ್ಮ ಕಡೆಯ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದರೆ ದುಡ್ಡು ಕೊಡುವಂಥವು. ವಾರಕ್ಕೊಮ್ಮೆ ಹೋಗಿ ಕುರ್ಚಿಯಲ್ಲಿ ಕುಳಿತು ಬರುವುದಕ್ಕೆ ಕೊಡುವವು ಕಡಿಮೆ. ಅವಳಿಗೆ ನಾನು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟೆ. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ ಎಂದೆ. ಯಾರಿಗೆ ಬೇಕಿತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನು ಶೇಕಡ 20ರ ಬಾಕಿ. ಗಂಡ ಹೆಂಡತಿ ಇಬ್ಬರಿಗೂ ವಿಮೆಯಿದ್ದರೆ ಮೊದಲು ನಮ್ಮದರಿಂದ ಪಡೆದು, ಉಳಿದದ್ದನ್ನು ಸಂಗಾತಿಯ ಯೋಜನೆಗೆ ಕಳಿಸಬಹುದು. ನಾನೂ 33 ಡಾಲರ್ 90 ಸೆಂಟಿನ ಕ್ಲೇಮನ್ನು ನಮ್ಮವರ ಯೋಜನೆಗೆ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ: ಈ ಸೇವಾದಾರರು ನಿಮ್ಮ ಯೋಜನೆಯಲ್ಲಿ ಇಲ್ಲ. ಅವರ ಪುಸ್ತಿಕೆ ಹಳೆಯದು, ಅದರಲ್ಲಿ ಮನಶ್ಶಾಸ್ತ್ರಜ್ಞ ಎಂದಷ್ಟೇ ಬರೆದಿತ್ತು. ಫೋನ್ ಮಾಡಿದರೆ ಸಂಗೀತ, ಮತ್ತೆ ಸಂಗೀತ, ಕೊನೆಗೊಬ್ಬ ಹುಡುಗ. "ಮೇಡಂ, ನಿಮ್ಮ ಥೆರಪಿಸ್ಟ್ ಮನಶ್ಶಾಸ್ತ್ರಜ್ಞರಾಗಿದ್ದರೆ ಪೂರ್ತಿ ಕೊಡುತ್ತಿದ್ದೆವು" ಎಂದ. ಆತಂಕವನ್ನು ಹೇಳಿಕೊಳ್ಳಲು ಹೋದವಳಿಗೆ ಆ ವಾರ ಸಿಕ್ಕ ಹೊಸ ಆತಂಕ ಇದೊಂದೇ.

ಡಿಸೆಂಬರ್ ಮುಗಿಯುವುದರೊಳಗೆ ಐದು ಭೇಟಿಗಳಾದವು. ವಿಮೆಯಿಂದ ಬಂದದ್ದು 678 ಡಾಲರ್. ಉಳಿದ 322 ಡಾಲರ್ ಹೊಸ ವರ್ಷದ ಪಟಾಕಿಯ ಜೊತೆ ಸುಟ್ಟುಹೋಯಿತು. ಕ್ರಿಸ್‌ಮಸ್ ವಾರದಲ್ಲಿ ಇನ್ನೆರಡು ಸಲ ಬರಲೇ ಎಂದು ಕೇಳಿದ್ದೆ. ಅವರು ರಜೆಯಲ್ಲಿದ್ದರು. ದುಃಖ ತೋಡಿಕೊಳ್ಳಲು ಅಷ್ಟೊಂದು ಅವಸರವೇನು ಎಂದು ಅವರಿಗೆ ಅನ್ನಿಸಿರಬೇಕು. ಜನವರಿ 1ರಂದು ಬೆಳಿಗ್ಗೆ ವಿಮೆಯ ಆ್ಯಪ್ ತೆರೆದರೆ ಮತ್ತೆ ಪೂರಾ 1,000. ವರ್ಷದ ಕೊನೆಯಲ್ಲಿ ಶುರುಮಾಡಿದರೆ ಎರಡು ವರ್ಷದ ಮಿತಿಯನ್ನು ಬೆನ್ನುಬೆನ್ನಿಗೆ ಬಳಸಬಹುದು ಎಂಬ ಉಪಾಯ ಯಾರಾದರೂ ಮೊದಲೇ ಹೇಳಬೇಕಿತ್ತು. ಈಗ ನಾನು ಹೇಳುತ್ತಿದ್ದೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು 2024ರಲ್ಲಿ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದೆ. ಏಳು ಭೇಟಿಗೆ 949 ಡಾಲರ್ 20 ಸೆಂಟು. ಎಂಟನೆಯದಕ್ಕೆ ವಿಮೆಯಲ್ಲಿ ಉಳಿಯುವುದು 50 ಡಾಲರ್ 80 ಸೆಂಟು. ಏಪ್ರಿಲ್ ಕೊನೆಗೆ ನನ್ನ ವರ್ಷ ಮುಗಿಯುತ್ತದೆ ಎಂದು ಜನವರಿಯಲ್ಲೇ ಗೊತ್ತಿತ್ತು. ಸ್ಟಾರ್‌ಬಕ್ಸ್ ಕಂಪನಿ 2016ರಲ್ಲೇ ಕೆನಡಾದ ತನ್ನ ನೌಕರರಿಗೆ ಈ ಬಾಬತ್ತಿನ ಮಿತಿಯನ್ನು ವರ್ಷಕ್ಕೆ 5,000 ಡಾಲರಿಗೆ ಏರಿಸಿತ್ತು. ಕಾಫಿ ಬೆರೆಸುವ ಹುಡುಗಿಗೆ ನನ್ನ ಐದು ಪಟ್ಟು ಅಳುವ ಸೌಕರ್ಯ ಎಂದು ಆ ವಸಂತದಲ್ಲಿ ಕಾಫಿ ಕುಡಿಯುವಾಗಲೆಲ್ಲ ಅಸೂಯೆಪಟ್ಟಿದ್ದೇನೆ.

ಮಿತಿ ಇದೆ ಎಂದು ಗೊತ್ತಿದ್ದವರು ಮಾತನಾಡುವ ರೀತಿಯೇ ಬೇರೆ. ನಾನು ಮನೆಯಿಂದಲೇ ಪಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಇವತ್ತು ಹೆದ್ದಾರಿ, ಮುಂದಿನ ಸಲ ನಿದ್ರೆ, ಅದರ ಮುಂದಿನ ಸಲ ಅತ್ತೆ. ಉಸಿರಾಟದ ಅಭ್ಯಾಸ, ಹೆದರಿಕೆ ಬಂದಾಗ ಎಣಿಸುವುದು, 401ರ ಒಂದೇ ಒಂದು ನಿರ್ಗಮನದಷ್ಟು ದೂರ ಓಡಿಸಿ ಇಳಿದುಬಿಡುವುದು, ಇದೆಲ್ಲ ಕೆಲಸ ಮಾಡಿತು. ದೂರುವಂತಿಲ್ಲ. ಫೆಬ್ರವರಿಯಲ್ಲಿ ಎರಡು ನಿರ್ಗಮನ, ಮಾರ್ಚಿನಲ್ಲಿ ನಾಲ್ಕು. 427ರ ತಿರುವು ಮಾತ್ರ ಆಗಲಿಲ್ಲ.

ಎಂಟನೇ ಭೇಟಿ ಏಪ್ರಿಲ್ ಕೊನೆಯ ವಾರದಲ್ಲಿತ್ತು. ಪಟ್ಟಿ ಮುಗಿದಿತ್ತು. ಉಲ್ಟಾ ಗಡಿಯಾರದಲ್ಲಿ ಏಳು ನಿಮಿಷ ಉಳಿದಿತ್ತು. ಊರಿನಲ್ಲಿ ನೆಂಟರು ಇಡೀ ದಿನ ಕುಳಿತು ಮಳೆ, ಬೆಳೆ, ಕೊಬ್ಬರಿ ರೇಟು ಮಾತನಾಡಿ, ಹೊರಟು ಚಪ್ಪಲಿ ಮೆಟ್ಟಿದ ಮೇಲೆ ಹೊಸ್ತಿಲಲ್ಲಿ ನಿಂತು ನಿಜವಾದ ವಿಷಯ ತೆಗೆಯುತ್ತಾರೆ. ಹಾಗೆಯೇ ಆಯಿತು. "ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೈಲಿದೆ" ಎಂದೆ.

2021ರ ಮೇ. ಅಪ್ಪ ಆಸ್ಪತ್ರೆಯಲ್ಲಿದ್ದರು. ಏಪ್ರಿಲ್ 22ರಿಂದ ಕೆನಡಾ ಭಾರತದ ವಿಮಾನಗಳನ್ನು ನಿಲ್ಲಿಸಿತ್ತು. ಹೋಗಬಹುದಿತ್ತು, ನೇರವಾಗಿ ಹಿಂತಿರುಗುವಂತಿರಲಿಲ್ಲ. ಮೂರನೆಯ ದೇಶವೊಂದರಲ್ಲಿ ಇಳಿದು, ಅಲ್ಲಿ ಕೋವಿಡ್ ಪರೀಕ್ಷೆ ಮಾಡಿಸಿ, ಇಲ್ಲಿಗೆ ಬಂದು ಮೂರು ರಾತ್ರಿ ನಮ್ಮ ಖರ್ಚಿನಲ್ಲೇ ಹೋಟೆಲಿನಲ್ಲಿ ಉಳಿಯಬೇಕಿತ್ತು. ಮಗನಿಗೆ ಐದು ವರ್ಷ. ನಾನು ಲೆಕ್ಕ ಹಾಕಲು ಕುಳಿತೆ. ಟಿಕೆಟ್ಟು ಒಂದು ಕಾಲಮ್ಮು, ಹೋಟೆಲು ಒಂದು, ಸಂಬಳವಿಲ್ಲದ ರಜೆ ಒಂದು, ಮಗನನ್ನು ನೋಡಿಕೊಳ್ಳುವವರಿಗೆ ಒಂದು. ಒಂದು ದೇಶದ ಮೇಲೆ ಬಂದರೆ ಎಷ್ಟು, ಇನ್ನೊಂದರ ಮೇಲೆ ಬಂದರೆ ಎಷ್ಟು. ಒಟ್ಟು ಮೊತ್ತದ ಚೌಕಕ್ಕೆ ಹಳದಿ ಬಣ್ಣ ತುಂಬಿದೆ. ಆಮೇಲೆ ಎರಡನೇ ಹಾಳೆ ತೆರೆದು, ಒಂದು ವಾರ ತಡೆದು ಹೊರಟರೆ ಎಷ್ಟು ಉಳಿಯುತ್ತದೆ ಎಂದು ಹಾಕತೊಡಗಿದೆ. ಆ ಹಾಳೆಯ ಮೂರನೇ ಸಾಲಿನಲ್ಲಿದ್ದಾಗ ಅಕ್ಕನ ಫೋನ್ ಬಂತು. ರಾತ್ರಿ 1 ಗಂಟೆ 40 ನಿಮಿಷ. ಫೈಲಿನ ಹೆಸರು 'ಅಪ್ಪ-ಪ್ರಯಾಣ'.

ಇದನ್ನು ಅಮ್ಮನಿಗೆ ಹೇಳಿರಲಿಲ್ಲ. ವಿಮಾನ ಇರಲಿಲ್ಲ ಎಂದಿದ್ದೆ. ಎಲ್ಲರೂ ಒಪ್ಪಿಕೊಂಡಿದ್ದರು, ಆ ವರ್ಷ ಎಲ್ಲರಿಗೂ ವಿಮಾನ ಇರಲಿಲ್ಲ.

ಥೆರಪಿಸ್ಟ್ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ 427ರ ತಿರುವಿನಲ್ಲಿ ಏನು ಕಾಣುತ್ತದೆ ಎಂದು ಕೇಳಿದರು. ಆ ಕಡೆ ವಿಮಾನಗಳು ಇಳಿಯುವುದಕ್ಕೆ ರಸ್ತೆಯ ಮೇಲೆಯೇ ಬರುತ್ತವೆ. ಚಕ್ರ ಕಾಣುವಷ್ಟು ಕೆಳಗೆ. ಇದು ಸಿನಿಮಾದಲ್ಲಿ ಕೂಡಿಬಂದಂತೆ ತೀರಾ ಚೆನ್ನಾಗಿ ಕೂಡಿಬರುತ್ತದೆ, ಅದಕ್ಕೇ ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ. ಆ ರಸ್ತೆಯಲ್ಲಿ ಎರಡು ವರ್ಷ ಏನೂ ಆಗದೆ ಓಡಾಡಿದ್ದೆನಲ್ಲ? ಅವರೂ ಇದೇ ಕಾರಣ ಎನ್ನಲಿಲ್ಲ. ಗಡಿಯಾರದಲ್ಲಿ ಸಮಯ ಮೀರಿ ಹದಿನಾಲ್ಕು ನಿಮಿಷವಾಗಿತ್ತು. ಏಳುವಾಗ, ಹೆಚ್ಚುವರಿ ನಿಮಿಷಗಳಿಗೆ ಎಷ್ಟು ಕೊಡಬೇಕು ಎಂದು ಕೇಳಿದೆ. ಅದೊಂದು ಸಲ ಮಾತ್ರ ಅವರು ಜೋರಾಗಿ ನಕ್ಕರು. ನಾನೂ ನಕ್ಕೆ.

ಹೀಗೆ, ಮಾತು ನಿಜವಾಗಿ ಶುರುವಾದ ದಿನವೇ ವಿಮೆ ಮುಗಿಯಿತು. ಇನ್ನು ಬರಲಾಗುವುದಿಲ್ಲ ಎಂದು ಮಿಂಚಂಚೆ ಬರೆದೆ. ತಿಂಗಳಿಗೊಮ್ಮೆ ಬನ್ನಿ, ನಿಮಗೆ 120 ಡಾಲರ್ ಎಂದು ಅವರ ಉತ್ತರ ಬಂತು. ಇಲ್ಲಿ ಹೀಗೆ ಫೀಸು ಇಳಿಸಿಕೊಡುವವರಿದ್ದಾರೆ. ಕೇಳಬೇಕು, ಕೇಳದಿದ್ದರೆ ಯಾರೂ ಹೇಳುವುದಿಲ್ಲ. 120ಕ್ಕೆ ತೆರಿಗೆ ಸೇರಿದರೆ 135 ಡಾಲರ್ 60 ಸೆಂಟು. ಅಲ್ಲಿಯವರೆಗೆ ಪ್ರತಿ ಭೇಟಿಗೂ ವಿಮೆ ಕೊಡುತ್ತಿದ್ದ ಮೊತ್ತವೂ ಸೆಂಟು ಬಿಡದೆ ಅಷ್ಟೇ. ಈಗ ಅದು ನನ್ನ ಕೈಯಿಂದ. ಹಣ ಹಾಳಾಗುತ್ತದೆಂದು ಶುರುಮಾಡಿದವಳು ಸ್ವಂತ ಹಣ ಕೊಟ್ಟು ಹೋಗುವಾಗ ಮೊದಲ ಸಲ ಪಟ್ಟಿಯಿಲ್ಲದೆ ಹೋದೆ. ಜುಲೈ ರಸೀದಿಯಲ್ಲಿ ತೆರಿಗೆಯ ಸಾಲೇ ಇರಲಿಲ್ಲ. ಜೂನ್ 20ರಿಂದ ಕೇಂದ್ರ ಸರ್ಕಾರ ಸೈಕೋಥೆರಪಿಯ ಮೇಲಿನ ತೆರಿಗೆಯನ್ನು ತೆಗೆದುಹಾಕಿತ್ತು. ಯಾರೋ ದಾನಿಗಳು ನನಗೆಂದೇ ಕೊಟ್ಟ ಹಾಗೆ ಖುಷಿಪಟ್ಟೆ.

ವರ್ಷಾಂತ್ಯಕ್ಕೆ ಕೈಯಿಂದ ಹೋದದ್ದು 1,347 ಡಾಲರ್ 20 ಸೆಂಟು. ಆದಾಯ ತೆರಿಗೆಯಲ್ಲಿ ವೈದ್ಯಕೀಯ ಖರ್ಚು ತೋರಿಸಬಹುದು, ಆದರೆ ಆದಾಯದ ಶೇಕಡ 3 ದಾಟಿದ ಭಾಗಕ್ಕೆ ಮಾತ್ರ. ನನ್ನದು ದಾಟಲಿಲ್ಲ. ಇಷ್ಟೆಲ್ಲ ಸಂಕಟಪಟ್ಟೂ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನಾನು ಆರೋಗ್ಯವಂತೆ.

ಈಗ ಬೆಳಿಗ್ಗೆ 401ರಲ್ಲಿ ಹೋಗುತ್ತೇನೆ, 427ರ ತಿರುವನ್ನೂ ದಾಟುತ್ತೇನೆ. ಸಂಜೆ ಎಗ್ಲಿಂಟನ್ ರಸ್ತೆಯಲ್ಲಿ ಬರುತ್ತೇನೆ. ಸಂಜೆಯ ಬಗ್ಗೆ ಯಾರೂ ಕೇಳಿಲ್ಲ. ಅಮ್ಮನಿಗೆ ಆ ಫೈಲಿನ ವಿಷಯ ಹೋದ ದೀಪಾವಳಿಯಲ್ಲಿ ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಎಷ್ಟಾಗುತ್ತಿತ್ತು?" ಎಂದರು. 7,840 ಡಾಲರ್ ಎಂದೆ. "ಅಷ್ಟೊಂದು ಆಗುವುದಾದರೆ ಬರಬೇಡ ಎನ್ನುತ್ತಿದ್ದರು ನಿಮ್ಮಪ್ಪ" ಎಂದು ಹೇಳಿ, ಕಜ್ಜಾಯ ಕರಿಯುವುದಿದೆ ಎಂದು ಫೋನಿಟ್ಟರು.

ಕಳೆದ ತಿಂಗಳು ನಮ್ಮ ಚಾಲಕರಲ್ಲೊಬ್ಬ, ಪಂಜಾಬಿನ ಹುಡುಗ, ಸಂಬಳದ ಚೀಟಿ ಹಿಡಿದು ನನ್ನ ಕಿಟಕಿಗೆ ಬಂದ. ಕಡಿತದ ಸಾಲನ್ನು ತೋರಿಸಿ, ಇದರಲ್ಲಿ ಮಾತನಾಡುವ ಡಾಕ್ಟರೂ ಸೇರಿದ್ದಾರಂತೆ ಹೌದೇ ಎಂದು ಹಿಂದಿಯಲ್ಲಿ ಕೇಳಿದ. ಅವನು ಕೇಳಿದ ರೀತಿಗೆ ನಾನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಮೊದಲು ನೋಡಿದೆ. ಹದಿನೆಂಟನೇ ಪುಟ ತೆಗೆದುಕೊಟ್ಟೆ. ಮಾಲೀಕರಿಗೆ ಗೊತ್ತಾಗುತ್ತದೆಯೇ ಎಂದ. ಇಲ್ಲ ಎಂದೆ. ಲೈಸೆನ್ಸಿಗೆ ತೊಂದರೆಯೇ ಎಂದ. ಅದನ್ನು ನಿನ್ನ ಕುಟುಂಬ ವೈದ್ಯರನ್ನೇ ಕೇಳು, ವಿಮೆಯ ರಸೀದಿಯಲ್ಲಂತೂ ಕಾಯಿಲೆಯ ಹೆಸರಿರುವುದಿಲ್ಲ ಎಂದೆ. ನೋಂದಣಿ ಸಂಖ್ಯೆ ನೋಡುವುದು ಹೇಗೆ, ರಸೀದಿಯ ಫೋಟೊ ಕಳಿಸುವುದು ಹೇಗೆ ಎಂದು ತೋರಿಸಿದೆ. ಈಗ ತೆರಿಗೆ ಇಲ್ಲ, 150ರ ಥೆರಪಿಸ್ಟ್ ಆದರೆ ಎಂಟು ಸಲ, ಹದಿನೈದು ದಿನಕ್ಕೊಮ್ಮೆ ಹೋಗು ಎಂದೆ. ಅವನು ಬೆರಳು ಮಡಚಿ ಎಣಿಸಿಕೊಂಡ.

"ಮೊದಲ ದಿನ ಏನು ಹೇಳಬೇಕು, ಮೇಡಂ?"

"ನಾನೇನೂ ಹೇಳಲಿಲ್ಲ. ಹನ್ನೊಂದು ನಿಮಿಷ ಅತ್ತೆ."

ಅವನು ಚೀಟಿಯ ಹಿಂಬದಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಐವತ್ತು ನಿಮಿಷಕ್ಕೆ ನೂರೈವತ್ತು," ಎಂದ. "ಅಂದರೆ ಮೂವತ್ತಮೂರು ಡಾಲರ್."

"ನಿನಗೆ ಮೂವತ್ತಮೂರು," ಎಂದೆ. "ನನಗೆ ಮೂವತ್ತೇಳು ಇಪ್ಪತ್ತೊಂಬತ್ತು ಬಿದ್ದಿತ್ತು."